ಗೀರಿಲ್ಲದ ಕೊಕ್ಕೆ

ಮೈಸೂರು ಕಡೆಯವರು ಆಯುಧಪೂಜೆ ಎನ್ನುವುದನ್ನು ನಮ್ಮ ಧಾರವಾಡದ ಕಡೆ ಖಂಡೇಪೂಜೆ ಎನ್ನುತ್ತಾರೆ. ಅಂದು ನಮ್ಮ ಮನೆಯಲ್ಲಿ ಈಳಿಗೆಯನ್ನು ಕೂಡ ಮುಟ್ಟುವುದಿಲ್ಲ. ಹಿಂದಿನ ಸಂಜೆ ಉಪಕರಣಗಳನ್ನೆಲ್ಲ ತೊಳೆದು, ಒರೆಸಿ, ಎಣ್ಣೆ ಸವರಿ ಹಲಗೆಯ ಮೇಲೆ ಕೂಡಿಸಿದರೆ ಮುಗಿಯಿತು. ಬನ್ನಿಯ ಹಬ್ಬದ ದಿನ ಬೆಳಿಗ್ಗೆ ಎಬ್ಬಿಸುವ ತನಕ ಅವು ದೇವರು. ದೇವರಿಂದ ಮೊಳೆ ಹೊಡೆಸಲು ಬರುವುದಿಲ್ಲ. ಲಂಡನ್ನಿಗೆ ಬಂದ ಮೇಲೂ ನಾನು ಇದನ್ನು ಬಿಟ್ಟಿರಲಿಲ್ಲ. ಹಬ್ಬದ ದಿನದ ಪಲ್ಯಕ್ಕೆ ಬದನೆಕಾಯಿಯನ್ನು ಹಿಂದಿನ ದಿನವೇ ಹೆಚ್ಚಿ ನೀರಿನಲ್ಲಿ ಹಾಕಿಟ್ಟು, ಅದು ಕಪ್ಪಾಯಿತೆಂದು ನಮ್ಮ ಮನೆಯವರಿಂದ ಮಾತು ಕೇಳುತ್ತಿದ್ದೆ.

ನಾನು ಬಡಿಗರ ಮನೆಯ ಮಗಳು, ಬಡಿಗರ ಮನೆಯ ಸೊಸೆ. ಈ ಪೂಜೆಯ ವಿಷಯದಲ್ಲಿ ನಮ್ಮಪ್ಪನದೇ ಒಂದು ಕಟ್ಟಳೆ ಇತ್ತು: ಕೆಲಸ ಮಾಡದ ಉಪಕರಣಕ್ಕೆ ಪೂಜೆ ಇಲ್ಲ. ಹಬ್ಬದ ಮುಂದೆ ಸಂತೆಯಿಂದ ಹೊಸ ಉಳಿ ತಂದರೆ, ಅದರಿಂದ ಕಟ್ಟಿಗೆಯ ತುಂಡೊಂದನ್ನು ಕೆತ್ತಿ, ಒಂದು ಚಕ್ಕೆಯಾದರೂ ಹಾರಿದ ಮೇಲೆಯೇ ಅದನ್ನು ಹಲಗೆಗೆ ಏರಿಸುತ್ತಿದ್ದ. "ದುಡದದ್ದಕ್ಕ ಕುಂಕುಮಾ ಹಚ್ಚಬೇಕು. ದುಡೀಲಾರದ್ದಕ್ಕ ಹಚ್ಚಿದ್ರ ಅದು ಸೋಗು," ಎನ್ನುತ್ತಿದ್ದ. ಒಮ್ಮೆ ನಾನು ಅವಸರದಲ್ಲಿ ಹೊಸ ಗರಗಸವನ್ನು ಹಾಗೇ ಇಟ್ಟುಬಿಟ್ಟಿದ್ದೆ. ಅಪ್ಪ ಆರತಿ ಮಾಡುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ, ಗರಗಸವನ್ನು ಅಂಗಳಕ್ಕೆ ಒಯ್ದು ಬೇಲಿಯ ಗೂಟವೊಂದನ್ನು ಕೊಯ್ದು ಬಂದು, ಮತ್ತೆ ಆರತಿ ಹಿಡಿದ.

ನಮ್ಮ ಮನೆಯವರು ಲಂಡನ್ನಿಗೆ ಬಂದದ್ದು ದೇವಸ್ಥಾನವೊಂದರ ಬಾಗಿಲು ಕೆತ್ತಲಿಕ್ಕೆ. ಬಾಗಿಲು ಮುಗಿಯಿತು, ದೇವರು ಒಳಗೆ ಹೋದರು, ಇವರು ಹೊರಗೆ ಉಳಿದರು. ಆಮೇಲೆ ಕಟ್ಟಡದ ಕೆಲಸ ಹಿಡಿದರು. ಹೊಸ ಫ್ಲಾಟುಗಳಿಗೆ ಚಾವಣಿಯ ಮರದ ಚೌಕಟ್ಟು ಕೂಡಿಸುವುದು, ನೆಲಕ್ಕೆ ತೊಲೆ ಹಾಸುವುದು, ಹೀಗೆ. ಎರಡು ವರ್ಷದ ಮೇಲೆ ನಾನೂ ಬಂದೆ. ವಿಮಾನ ನಿಲ್ದಾಣದ ಹತ್ತಿರದ ಹೇಸ್‌ನಲ್ಲಿ ಸಾಲು ಮನೆಯೊಂದನ್ನು ಬಾಡಿಗೆಗೆ ಹಿಡಿದೆವು. ವಿಮಾನಗಳಿಗೆ ಊಟದ ಟ್ರೇ ಜೋಡಿಸುವ ಕಾರ್ಖಾನೆಯಲ್ಲಿ ನನಗೂ ಕೆಲಸ ಸಿಕ್ಕಿತು. ತೊಂಬತ್ತರ ದಶಕದ ನಡುವಿನ ಮಾತು ಇದು.

ಬಂದ ಹೊಸದರಲ್ಲಿ ಒಂದು ದಿನ ಇವರು ಉಣ್ಣುತ್ತ, ತಾವು ಮೂರನೇ ಅಂತಸ್ತಿನ ತೊಲೆಯ ಮೇಲೆ ಕೂತು ಚಹಾ ಕುಡಿದದ್ದನ್ನು ದೊಡ್ಡ ಸಾಹಸವೆಂಬಂತೆ ಹೇಳಿದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಊರಲ್ಲಿ ಬಡಿಗರ ಕೆಲಸವೆಂದರೆ ಅಂಗಳದಲ್ಲಿ ಕೂತು ಮಾಡುವಂಥದು; ಬಿದ್ದರೆ ಮಣೆಯಿಂದ ನೆಲಕ್ಕೆ ಬೀಳಬೇಕು. ಅವತ್ತಿನಿಂದ ನನಗೆ ನಿದ್ದೆ ಹತ್ತಲಿಲ್ಲ. ನಾನು ಹಟಮಾರಿ, ಬೇಕಾದ್ದನ್ನು ಬಿಡುವವಳಲ್ಲ. ಬೆಳಿಗ್ಗೆ ಬುತ್ತಿ ಕಟ್ಟುವಾಗ ಒಮ್ಮೆ, ಸಂಜೆ ಬೂಟು ಬಿಚ್ಚುವಾಗ ಒಮ್ಮೆ, ಮೇಲೆ ಕೆಲಸ ಮಾಡುವವರಿಗೆ ಕಟ್ಟಿಕೊಳ್ಳುವಂಥದ್ದು ಏನೂ ಇಲ್ಲವೇ ಎಂದು ಕೊರೆದೆ. ಕಡೆಗೆ ಒಂದು ಶನಿವಾರ ಇವರೇ ಅಂಗಡಿಗೆ ಹೋಗಿ ಸೇಫ್ಟಿ ಬೆಲ್ಟ್ ಕೊಂಡು ತಂದರು. ಹೆಗಲಿಗೆ, ತೊಡೆಗೆ ಬಿಗಿಯುವ ನೀಲಿ ಪಟ್ಟಿಗಳು, ಬೆನ್ನಿಗೊಂದು ಹಗ್ಗ, ಹಗ್ಗದ ತುದಿಗೆ ಅಂಗೈಯಷ್ಟು ದೊಡ್ಡ ಕಬ್ಬಿಣದ ಕೊಕ್ಕೆ. ಮುಂದಿನ ಕೋಣೆಯಲ್ಲಿ ಅದನ್ನು ತೊಟ್ಟು ನಿಂತು ಒಂದು ಸುತ್ತು ತಿರುಗಿ ತೋರಿಸಿದರು.

"ಈ ಕೊಕ್ಕಿ ಮ್ಯಾಲ ಸಿಗಿಸಿಬಿಟ್ರ ಮುಗೀತು. ಕಾಲು ಜಾರಿದ್ರೂ ಜೋಕಾಲಿ ಆಡಿಧಂಗ ಜೋತಾಡಕೋತ ಇರತೇನಿ," ಎಂದರು.

ನಾನು ನಕ್ಕೆ. ಅವತ್ತು ಮಲಗಿದವಳು ಬೆಳಗಿನ ಅಲಾರಂ ಹೊಡೆಯುವ ತನಕ ಎಚ್ಚರಾಗಲಿಲ್ಲ. ಮುಂದೆ ಮೂರು ವರ್ಷ ಚೆನ್ನಾಗಿಯೇ ನಿದ್ದೆ ಮಾಡಿದೆ.

ಆ ಮೂರೂ ವರ್ಷ ಖಂಡೇಪೂಜೆಗೆ ಸುತ್ತಿಗೆ, ಉಳಿ, ಗರಗಸಗಳ ಜೊತೆ ಬೆಲ್ಟನ್ನೂ ಹಲಗೆಗೆ ಏರಿಸಿದೆ. ಇವರ ಸುತ್ತಿಗೆಯ ಹಿಡಿ ಇವರ ಅಂಗೈಯ ಅಳತೆಗೆ ಸವೆದು ಹೋಗಿತ್ತು. ಉಳಿಗಳು ಮಸೆದು ಮಸೆದು ಗಿಡ್ಡವಾಗಿದ್ದವು. ಬೆಲ್ಟಿನ ಕೊಕ್ಕೆ ಮಾತ್ರ ಅಂಗಡಿಯಿಂದ ಬಂದ ದಿನ ಹೊಳೆದ ಹಾಗೆಯೇ ಹೊಳೆಯುತ್ತಿತ್ತು. ಎಷ್ಟು ಜೋಪಾನ ಮಾಡುತ್ತಾರೆ ಎಂದು ನನಗೆ ಹೆಮ್ಮೆ. ಟ್ರೇ ಜೋಡಿಸುವಾಗ ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಕುಂದಾಪುರದ ಗೆಳತಿಯ ಎದುರಿಗೆ ಇದನ್ನು ಹೇಳಿಕೊಂಡು ಬೀಗಿದ್ದೂ ಉಂಟು. ಕೊಕ್ಕೆಯ ಮೇಲೆ ಅರಿಶಿನ ಕುಂಕುಮ ಏರಿಸಿ, ಪಟ್ಟಿಗಳಿಗೆ ಚೆಂಡುಹೂ ಸಿಗಿಸಿ, ಉಳಿದ ಉಪಕರಣಗಳಿಗೆ ಒಂದು ನಮಸ್ಕಾರವಾದರೆ ಅದಕ್ಕೆ ಎರಡು ಮಾಡುತ್ತಿದ್ದೆ.

ಹಬ್ಬಕ್ಕೆ ಇವರು ಪ್ರತಿವರ್ಷ ರಜೆ ಹಾಕುತ್ತಿದ್ದರು. ನಾಲ್ಕನೇ ವರ್ಷ ಹಾಗಾಗಲಿಲ್ಲ. ಹ್ಯಾರೋದಲ್ಲಿ ಒಂದು ಫ್ಲಾಟುಗಳ ಕಟ್ಟಡ ನಡೆದಿತ್ತು, ಕೆಲಸ ಹಿಂದೆ ಬಿದ್ದಿತ್ತು. ಬೆಳಿಗ್ಗೆ ನಾನು ದೀಪ ಹಚ್ಚಿ ಪೂಜೆ ಮುಗಿಸುವಷ್ಟರಲ್ಲಿ ಫೋರ್‌ಮನ್‌ನ ಫೋನು ಬಂತು. ಮೆಟ್ಟಿಲು ಮಾಡುವವರು ಮರುದಿನ ಬರುತ್ತಾರೆ, ಇವರು ಅಳತೆ ಕೊಡದಿದ್ದರೆ ಎಲ್ಲ ನಿಲ್ಲುತ್ತದೆ ಎಂದನಂತೆ.

"ಬರೇ ಅಳತಿ ಹೇಳಿ ಬರತೇನಿ. ಮಧ್ಯಾಹ್ನ ಹೋಳಿಗಿ ಊಟಕ್ಕ ಮನ್ಯಾಗ ಇರತೇನಿ. ನನ್ನ ಒಂದ ಸಾಮಾನಾ ಮುಟ್ಟೂದಿಲ್ಲ," ಎಂದರು.

ಹೇಳಿದವರು ರೂಢಿಯ ಪ್ರಕಾರ ಬೆಲ್ಟಿನ ಕಡೆ ಕೈ ಚಾಚಿದರು. ನಾನು ಅಡ್ಡ ಬಂದೆ.

"ಪೂಜಾಕ್ಕ ಕುಂತದ್ದನ್ನ ಎಬ್ಬಸ್ತಾರೇನ್ರೀ? ಸಾಮಾನಾ ಮುಟ್ಟೂದಿಲ್ಲ ಅಂದ ಮ್ಯಾಲ ಬೆಲ್ಟ್ ಯಾತಕ್ಕ? ಇವತ್ತೊಂದಿನಾ ಮ್ಯಾಲ ಹತ್ತಬ್ಯಾಡ್ರಿ, ಕೆಳಗ ನಿಂತ ಹೇಳ್ರಿ."

ಇವರು ಒಂದು ಗಳಿಗೆ ನನ್ನ ಮುಖ ನೋಡಿದರು. ಏನೋ ಹೇಳುವವರಿದ್ದರು. ಆಮೇಲೆ, "ಆತ ಬಿಡು," ಎಂದು ನಕ್ಕು, ಖಾಲಿ ಕೈಯಲ್ಲಿ ಬಸ್ಸಿಗೆ ಹೋದರು. ನನ್ನ ಮಾತು ನಡೆಯಿತೆಂದು ನನಗೆ ಖುಷಿಯಾಗಿತ್ತು. ನಾನೂ ನನ್ನ ಪಾಳಿಗೆ ಹೊರಟೆ.

ಹನ್ನೆರಡು ದಾಟಿರಬೇಕು. ಸೂಪರ್‌ವೈಸರ್ ಬಂದು ಆಫೀಸಿನಲ್ಲಿ ನನಗೆ ಫೋನು ಎಂದಳು. ಇವರ ಜೊತೆ ಕೆಲಸ ಮಾಡುವ ಐರಿಷ್ ಮುದುಕನ ದನಿ. ನಿನ್ನ ಗಂಡ ಸ್ವಲ್ಪ ಬಿದ್ದಿದ್ದಾನೆ, ಗಾಬರಿ ಬೇಡ, ಒಮ್ಮೆ ತೋರಿಸಲೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ, ಎಂದ. ಸ್ವಲ್ಪ ಬಿದ್ದದ್ದು ಎಂದರೆ ಕಾಲು ಉಳುಕಿರಬೇಕು ಎಂದುಕೊಂಡೆ. ಇಲ್ಲಿಯ ಜನ ಮನೆ ಸುಟ್ಟರೂ ಸ್ವಲ್ಪ ಬೆಚ್ಚಗಾಯಿತು ಎನ್ನುವವರು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಪಾಳಿ ಮುಗಿಯಲು ಅರ್ಧ ಗಂಟೆ ಇತ್ತು. ನಾನು ವಾಪಸು ಬಂದು ಟ್ರೇಗಳಿಗೆ ಬೆಣ್ಣೆಯ ಡಬ್ಬಿ ಇಡುತ್ತ ನಿಂತೆ. ಗಂಡ ಬೆನ್ನು ಮುರಿದುಕೊಂಡು ಮಲಗಿದ್ದಾಗ ನಾನು ಬೆಣ್ಣೆ ಇಡುತ್ತಿದ್ದೆ. ಇದನ್ನು ನೆನೆದರೆ ಇವತ್ತಿಗೂ ನನ್ನ ಕೈ ನನಗೇ ಬೇಡವೆನಿಸುತ್ತದೆ.

ಕುಂದಾಪುರದ ಗೆಳತಿಯೇ ನನ್ನ ಮುಖ ಕಂಡು ಏನೆಂದು ಕೇಳಿದಳು. ಹೇಳಿದೆ. ಅವಳ ಕೈ ನಿಂತುಹೋಯಿತು.

"ಬಿಲ್ಡಿಂಗ್ ಕೆಲ್ಸದವ್ರ್ ಬಿದ್ರ್ ಅಂದ್ರೆ ಎಲ್ಲಿಂದ ಅಂತ ಕೇಂಡ್ಯಾ? ನೀ ಹೋಗ್ ಮಾರಾಯ್ತಿ, ಇದನ್ ನಾ ಕಾಣ್ತೆ," ಎಂದು ನನ್ನ ಕೈಯಿಂದ ಡಬ್ಬಿ ಕಸಿದುಕೊಂಡಳು.

ಎಲ್ಲಿಂದ ಎಂದು ನಾನು ಕೇಳಿರಲಿಲ್ಲ. ಆಸ್ಪತ್ರೆ ಮುಟ್ಟುವ ತನಕ ಆ ಒಂದು ಮಾತು ತಲೆಯಲ್ಲಿ ಸುತ್ತಿತು.

ಇವರನ್ನು ಅಂಗಾತ ಮಲಗಿಸಿ ಕುತ್ತಿಗೆಗೆ ಪಟ್ಟಿ ಹಾಕಿ, ತಲೆಯ ಎರಡೂ ಕಡೆ ಇಟ್ಟಿಗೆಯಂಥ ಮೆತ್ತೆ ಇಟ್ಟಿದ್ದರು. ಹುಬ್ಬಿನಲ್ಲಿ ಮರದ ಪುಡಿ ಹಾಗೇ ಇತ್ತು. ಬೆಳಿಗ್ಗೆ ನಾನು ಹಚ್ಚಿದ್ದ ಕುಂಕುಮವೂ ಹಾಗೇ ಇತ್ತು. ಎಚ್ಚರವಿದ್ದರು, ಆದರೆ ಚಾವಣಿ ಬಿಟ್ಟು ಬೇರೆ ಏನನ್ನೂ ನೋಡಲು ಬರುತ್ತಿರಲಿಲ್ಲ. ನಾನು ಬಗ್ಗಿ ಅವರ ಕಣ್ಣಿಗೆ ಕಾಣುವ ಹಾಗೆ ನಿಂತೆ. "ಸಾಮಾನಾ ಮುಟ್ಟಿಲ್ಲ," ಎಂದರು. ಅದೇ ಮೊದಲ ಮಾತು.

ಡಾಕ್ಟರು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಎರಡೂ ಹಿಮ್ಮಡಿಯ ಮೂಳೆ ಪುಡಿಯಾಗಿವೆ. ಸೊಂಟದ ಮೇಲಿನ ಒಂದು ಬೆನ್ನುಮೂಳೆ ಒಡೆದಿದೆ. ಎತ್ತರದಿಂದ ಕಾಲ ಮೇಲೆ ಬಿದ್ದವರಿಗೆ ಹೀಗೇ ಆಗುತ್ತದೆಯಂತೆ. ನಡೆಯುತ್ತಾರಾ ಎಂದು ಕೇಳಿದೆ. ಈಗಲೇ ಹೇಳಲು ಆಗುವುದಿಲ್ಲ ಎಂದರು. ನನಗೆ ಅಳು ಬರಲಿಲ್ಲ. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆನೋ ಗೊತ್ತಿಲ್ಲ.

ಏನಾಯಿತೆಂದು ಹೇಳಿದವನು ಐರಿಷ್ ಮುದುಕ. ಆಸ್ಪತ್ರೆಯ ಕಾರಿಡಾರಿನಲ್ಲಿ ಟೋಪಿಯನ್ನು ಕೈಯಲ್ಲಿ ತಿರುಚುತ್ತ ಕೂತಿದ್ದ. ಎರಡನೇ ಅಂತಸ್ತಿನ ನೆಲದಲ್ಲಿ ಮೆಟ್ಟಿಲಿಗೆಂದು ಬಿಟ್ಟ ದೊಡ್ಡ ರಂಧ್ರ ಇತ್ತಂತೆ. ಅದರ ನೇರ ಕೆಳಗೆ ಮೊದಲನೇ ಅಂತಸ್ತಿನಲ್ಲೂ ಅಂಥದೇ ಒಂದು. ಮೇಲಿನದಕ್ಕೆ ಯಾರೋ ಪ್ಲೈವುಡ್ ಹಾಳೆ ಮುಚ್ಚಿದ್ದರು, ಮೊಳೆ ಹೊಡೆದಿರಲಿಲ್ಲ. ಇವರು ಕೆಳಗೆ ನಿಂತೇ ಹೇಳುತ್ತಿದ್ದರಂತೆ, ಫೋರ್‌ಮನ್‌ಗೆ ಅರ್ಥವಾಗಲಿಲ್ಲವೆಂದು ಮೇಲೆ ಹತ್ತಿದರು. ತಮ್ಮ ಟೇಪು ಪೂಜೆಯಲ್ಲಿದೆಯೆಂದು ಮುದುಕನ ಟೇಪನ್ನೇ ಇಸಿದುಕೊಂಡರು. ಒಂದು ತುದಿಯನ್ನು ಮುದುಕ ಗೋಡೆಗೆ ಒತ್ತಿ ಹಿಡಿದಿದ್ದ, ಇವರು ಟೇಪು ಎಳೆಯುತ್ತ ಹಿಂದೆ ಹಿಂದೆ ಹೆಜ್ಜೆ ಇಟ್ಟರು. ಹಾಳೆ ವಾಲಿತು. ತನ್ನ ಕೈಯಲ್ಲಿದ್ದ ಟೇಪು ಝರ್ ಎಂದು ಓಡಿತು ಎಂದು ಹೇಳಿ ಮುದುಕ ಮುಖ ಮುಚ್ಚಿಕೊಂಡ.

ಆಡಿದ ಮಾತು ಉಳಿಸಿಕೊಳ್ಳಲಿಕ್ಕೆ ಇನ್ನೊಬ್ಬರ ಟೇಪು ಇಸಿದುಕೊಂಡ ಮನುಷ್ಯ. ಆ ಮನುಷ್ಯನ ಕೈಯಿಂದ ಬೆಲ್ಟ್ ಬಿಡಿಸಿ ಕಳಿಸಿದವಳು ನಾನು. ಬೇರೆ ಏನೂ ನನ್ನ ತಲೆಗೆ ಹೋಗಲಿಲ್ಲ.

ಮರುದಿನ ಕಂಪನಿಯ ಸೈಟ್ ಮ್ಯಾನೇಜರು ದ್ರಾಕ್ಷಿ ಹಿಡಿದು ಬಂದ. ಒಳ್ಳೆಯ ಕೋಟು, ಮೆತ್ತನೆಯ ಮಾತು. ಇವರು ಔಷಧಿಯ ಮಂಪರಿನಲ್ಲಿದ್ದರು. ನನ್ನನ್ನು ಬದಿಗೆ ಕರೆದು, ಇವರ ಹತ್ತಿರ ಸ್ವಂತದ ಸೇಫ್ಟಿ ಬೆಲ್ಟ್ ಇದೆಯಲ್ಲ, ಪ್ರತಿದಿನ ತರುತ್ತಿದ್ದರಲ್ಲ, ನಿನ್ನೆ ಯಾಕೆ ತಂದಿರಲಿಲ್ಲ, ಎಂದು ಕೇಳಿದ. ಮನೆಯಲ್ಲಿದೆ ಎಂದೆ. ಮನೆಯಲ್ಲಿ ಯಾಕೆ ಎಂದ. ದೇವರ ಹಲಗೆಯ ಮೇಲಿದೆ, ಹೂ ಮುಡಿದಿದೆ ಎಂದು ಆ ಕೋಟಿನವನಿಗೆ ಹೇಗೆ ಹೇಳುವುದು. ಅವನು ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡು, ಎಲ್ಲ ಸರಿಹೋಗುತ್ತದೆ ಎಂದು ನನ್ನ ಭುಜ ಮುಟ್ಟಿ ಹೋದ.

ಅವತ್ತೇ ಬನ್ನಿಯ ಹಬ್ಬ. ಊರಿಂದ ಯಾರೋ ತಂದುಕೊಟ್ಟ ಒಣ ಬನ್ನಿ ಎಲೆಗಳು ಅಡುಗೆಮನೆಯ ಡಬ್ಬಿಯಲ್ಲಿದ್ದವು. ಪ್ರತಿವರ್ಷ ಅವನ್ನು ಒಬ್ಬರಿಗೊಬ್ಬರು ಕೊಟ್ಟು, ಬಂಗಾರ ತಗೊಂಡು ಬಂಗಾರದ ಹಾಗೆ ಇರೋಣ ಎನ್ನುತ್ತಿದ್ದೆವು. ನಾನು ಡಬ್ಬಿ ತೆಗೆಯಲಿಲ್ಲ. ಮುಂದಿನ ಕೋಣೆಯಲ್ಲಿ ದೀಪ ಆರಿತ್ತು, ಚೆಂಡುಹೂ ಬಾಡಿತ್ತು. ಬೆಲ್ಟನ್ನು ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ಹಾಕಿದೆ. ಸೋಪು ಹಚ್ಚಿ ಬ್ರಷ್ಷಿನಿಂದ ತಿಕ್ಕಿದೆ. ಯಾರಾದರೂ ಕೇಳಿದರೆ ಮರೆತು ಹೋದರು ಎನ್ನಬೇಕು, ಪೂಜೆಯ ಗುರುತು ಉಳಿಯಬಾರದು ಎಂದು ನನ್ನ ಯೋಚನೆ. ಕಳ್ಳಿಯ ಬುದ್ಧಿ. ಕುಂಕುಮ ಹೋಯಿತು. ಅರಿಶಿನ ಹೋಗಲಿಲ್ಲ. ಅರಿಶಿನದ ಕಲೆ ಹೋಗುವುದಿಲ್ಲ ಎಂದು ಹೆಂಗಸಿಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೂ ಬೆರಳು ಬೊಬ್ಬೆ ಬರುವ ತನಕ ತಿಕ್ಕಿದೆ.

ಊರಿಗೆ ಫೋನು ಮಾಡಿದಾಗ ಎಡವಿ ಬಿದ್ದಾರ ಎಂದೆ. ಕುಂದಾಪುರದ ಗೆಳತಿಗೂ ಬೆಲ್ಟಿನ ವಿಷಯ ಹೇಳಲಿಲ್ಲ. ಇವರನ್ನಂತೂ ಕೇಳುವ ಧೈರ್ಯವೇ ಆಗಲಿಲ್ಲ. ಬೆನ್ನಿಗೆ ಆಪರೇಷನ್ ಆಯಿತು. ಬೆರಳು ಅಲುಗಿದವು, ಮೊಣಕಾಲು ಅಲುಗಿತು, ಪಾದದ ಮೇಲೆ ಭಾರ ಹಾಕುವ ಮಾತು ಮಾತ್ರ ಯಾರೂ ಎತ್ತಲಿಲ್ಲ. ತಿಂಗಳಿಗೆ ಮನೆಗೆ ಕಳಿಸಿದರು. ಮೆಟ್ಟಿಲು ಹತ್ತಲಾಗದ್ದರಿಂದ ಮುಂದಿನ ಕೋಣೆಯಲ್ಲೇ ಮಂಚ ಹಾಕಿದೆವು. ಬೆಲ್ಟು ಒಣಗಿ, ಹಳದಿ ಮಚ್ಚೆಗಳೊಂದಿಗೆ ಮೆಟ್ಟಿಲ ಕೆಳಗಿನ ಗೂಟಕ್ಕೆ ತೂಗುತ್ತಿತ್ತು. ಮಂಚದಿಂದ ಅದು ಕಾಣುತ್ತಿತ್ತು. ಇವರು ಅದನ್ನು ನೋಡುವುದನ್ನು ನಾನು ನೋಡುತ್ತಿದ್ದೆ. ಈ ಕಾಲು ನನ್ನ ಮಡಿಯಿಂದ ಹೋಯಿತು, ಒಂದು ದಿನ ಇವರೇ ಅದನ್ನು ಹೇಳುತ್ತಾರೆ ಎಂದು ಕಾಯುತ್ತಿದ್ದೆ.

ಬಿದ್ದು ಆರು ವಾರಕ್ಕೆ ಸರಕಾರದ ಸೇಫ್ಟಿ ಇನ್ಸ್‌ಪೆಕ್ಟರ್ ಮನೆಗೆ ಬಂದರು. ನನ್ನ ವಯಸ್ಸಿನ ಹೆಂಗಸು, ಕೆಸರು ಹತ್ತಿದ ಬೂಟನ್ನು ಬಾಗಿಲಲ್ಲೇ ಬಿಚ್ಚಿ ಬಂದದ್ದು ನನಗೆ ಹಿಡಿಸಿತು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕಂಪನಿಯವರ ಹೇಳಿಕೆಯ ಪ್ರಕಾರ, ತನ್ನ ಸೇಫ್ಟಿ ಬೆಲ್ಟನ್ನು ಮನೆಯಲ್ಲಿ ಬಿಟ್ಟು ಬಂದದ್ದರಿಂದ ಈ ಮನುಷ್ಯ ಬಿದ್ದಿದ್ದಾನೆ. ಇದು ನಿಜವೇ ಎಂದು ಇವರನ್ನು ಕೇಳಿದರು. ಇವರು ಬಾಯಿ ತೆರೆಯುವ ಮೊದಲು ನಾನು ತೆರೆದೆ.

ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಟ್ಟೆ. ಹಬ್ಬ, ಹಲಗೆ, ಅರಿಶಿನ, ನಾನು ಅಡ್ಡ ಬಂದದ್ದು, ಸಿಂಕಿನಲ್ಲಿ ತಿಕ್ಕಿದ್ದು. ಇವರದೇನೂ ತಪ್ಪಿಲ್ಲ, ಕಂಪನಿಯದೂ ಇಲ್ಲ, ತಪ್ಪು ನನ್ನದು, ಹಾಗೆ ಬರೆದುಕೊಳ್ಳಿ, ಎಲ್ಲಿ ಬೇಕೋ ಅಲ್ಲಿ ಸಹಿ ಹಾಕುತ್ತೇನೆ ಎಂದೆ. ಆರು ವಾರ ಬಾರದ ಅಳು ಆಗ ಬಂತು. ಮಂಚದಿಂದ ಇವರು ಸುಮ್ಮನಿರು ಎಂದು ಎರಡು ಸಲ ಅಂದರೂ ನಾನು ಸುಮ್ಮನಿರಲಿಲ್ಲ.

ಆ ಹೆಂಗಸು ಪೆನ್ನು ಎತ್ತಲಿಲ್ಲ. ಬೆಲ್ಟನ್ನು ತೋರಿಸು ಎಂದರು. ತಂದುಕೊಟ್ಟೆ. ಹಳದಿ ಮಚ್ಚೆಗಳನ್ನು ಅವರು ನೋಡಿದರೋ ಇಲ್ಲವೋ, ನೇರ ಕೊಕ್ಕೆಯನ್ನೇ ಕೈಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಅದರ ಬಾಯಿ ತೆರೆದರು, ಮುಚ್ಚಿದರು. ಕಿಟಕಿಯ ಬೆಳಕಿಗೆ ಹಿಡಿದು ಒಳಗಡೆ ಉಗುರಿನಿಂದ ಸವರಿದರು. ಎಷ್ಟು ವರ್ಷದ ಬೆಲ್ಟು ಎಂದರು. ನಾಲ್ಕನೆಯದು ನಡೆದಿದೆ ಎಂದೆ. ಆಮೇಲೆ ಇವರ ಕಡೆ ತಿರುಗಿ ಮೆಲ್ಲಗೆ ಕೇಳಿದರು: ನಾಲ್ಕು ವರ್ಷ ಇದನ್ನು ನೀವು ಯಾವುದಕ್ಕೆ ಸಿಗಿಸುತ್ತಿದ್ದಿರಿ?

ಇವರು ಗೋಡೆ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ, ಯಾವುದಕ್ಕೂ ಇಲ್ಲ ಎಂದರು.

ಸಿಗಿಸಲು ಯಾವ ಸೈಟಿನಲ್ಲೂ ಏನೂ ಇರಲಿಲ್ಲವಂತೆ. ಹಗ್ಗ ಕಟ್ಟಲು ಮೇಲೊಂದು ಕಂಬಿ ಬೇಕು, ಗಟ್ಟಿ ಕೊಂಡಿ ಬೇಕು. ಯಾರೂ ಹಾಕಿಸಿರಲಿಲ್ಲ. ಫೋರ್‌ಮನ್‌ನನ್ನು ಇವರು ಮೊದಲ ವರ್ಷ ಕೇಳಿದ್ದರಂತೆ, ನೋಡೋಣ ಎಂದಿದ್ದನಂತೆ. ನೋಡಲು ಯಾರಾದರೂ ದೊಡ್ಡವರು ಬರುವ ದಿನ ಎಲ್ಲರೂ ಬೆಲ್ಟ್ ತೊಡುವುದು, ಕೊಕ್ಕೆಯನ್ನು ತಮ್ಮ ಸೊಂಟದ ಪಟ್ಟಿಗೇ ಸಿಗಿಸಿಕೊಳ್ಳುವುದು, ಅವರು ಹೋದ ಮೇಲೆ ಬಿಚ್ಚಿ ಮೂಲೆಯ ಪೆಟ್ಟಿಗೆಗೆ ಹಾಕುವುದು. ಅವತ್ತು ಒಯ್ದಿದ್ದರೂ ಅದು ಪೆಟ್ಟಿಗೆಯಲ್ಲೇ ಇರುತ್ತಿತ್ತು. ಇನ್ಸ್‌ಪೆಕ್ಟರ್ ಈಗ ಪೆನ್ನು ತೆಗೆದರು. ಮೊದಲು ಆ ಪ್ಲೈವುಡ್ ಹಾಳೆಗೆ ಮೊಳೆ ಹೊಡೆಯಬೇಕಿತ್ತು, ಸುತ್ತ ಕಟಕಟೆ ಕಟ್ಟಬೇಕಿತ್ತು, ಬೆಲ್ಟಿನ ಮಾತು ಆಮೇಲಿನದು ಎಂದು ನನಗೆ ಹೇಳಿದರು.

ಬಡಿಗನ ಮಗಳು ನಾನು. ಸವೆದ ಹಿಡಿ ನೋಡಿ ಎಷ್ಟು ವರ್ಷದ್ದೆಂದು ಹೇಳುವವಳು. ನಾಲ್ಕು ಹಬ್ಬ ನನ್ನ ಕೈಯಾರೆ ಆ ಕೊಕ್ಕೆಗೆ ಎಣ್ಣೆ ಸವರಿದ್ದೇನೆ, ಒಂದು ಗೀರೂ ಇಲ್ಲದ್ದನ್ನು ಕಣ್ಣಾರೆ ಕಂಡಿದ್ದೇನೆ, ಕಂಡು ಹೆಮ್ಮೆಪಟ್ಟಿದ್ದೇನೆ. ಅಪ್ಪ ಒಂದು ಗರಗಸಕ್ಕೆ ಆರತಿ ನಿಲ್ಲಿಸಿದವನು. ನಾನು ಒಂದು ದಿನವೂ ದುಡಿಯದ ಕಬ್ಬಿಣಕ್ಕೆ ನಾಲ್ಕು ಹಬ್ಬ ಎರಡೆರಡು ನಮಸ್ಕಾರ ಹಾಕಿದ್ದೆ.

ಇನ್ಸ್‌ಪೆಕ್ಟರ್ ಬೆಲ್ಟನ್ನು ಸಾಕ್ಷಿಗೆಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದ ಮೇಲೆ ನಾನು ಮಂಚದ ಬಳಿ ನಿಂತೆ.

"ಜೋಕಾಲಿ ಆಡತೇನಿ ಅಂದಿದ್ರಿ."

"ಅಂದಿದ್ದೆ."

"ಯಾತಕ್ಕ ತಂದ್ರಿ ಅದನ್ನ?"

"ನೀ ನಿದ್ದಿ ಮಾಡಲಿ ಅಂತ ತಂದಿದ್ದೆ. ಮಾಡಿದೆಲ್ಲ," ಎಂದರು.

"ಈ ಆರು ವಾರದಾಗ ನನ್ನ ಮುಖಾ ನೋಡಿದ್ರಿಲ್ರೀ? ತಪ್ಪು ನನ್ನ ತಲಿ ಮ್ಯಾಲ ಹೊತ್ಕೊಂಡು ತಿರುಗೇನಿ. ಗೊತ್ತಿದ್ದಿಲ್ಲೇನು ನಿಮಗ?"

"ಬೆಲ್ಟ್ ತೊಳದದ್ದ ನೋಡಿ ಗೊತ್ತಾಗಿತ್ತು."

"ಮತ್ತ?"

"ಕೊಕ್ಕೀದು ಖರೇ ಹೇಳಿದ್ರ, ಕಾಲು ನೆಟ್ಟಗಾದ ಮ್ಯಾಲ ನೀ ನನ್ನ ಹತ್ತಾಕ ಬಿಡ್ತಿದ್ದಿಲ್ಲ."

ಇದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಎರಡು ಹಿಮ್ಮಡಿ ಪುಡಿಯಾಗಿ, ಬೆನ್ನಲ್ಲಿ ಸ್ಕ್ರೂ ಹಾಕಿಸಿಕೊಂಡು ಮಲಗಿದ ಮನುಷ್ಯ, ಮತ್ತೆ ಅದೇ ತೊಲೆಯ ಮೇಲೆ ಹತ್ತುವ ಯೋಚನೆಯಲ್ಲಿ ಹೆಂಡತಿಯನ್ನು ಆರು ವಾರ ಒಳಗೊಳಗೇ ಬೇಯಲು ಬಿಟ್ಟಿದ್ದ. ನನ್ನ ಗಂಡ ಸುಳ್ಳುಗಾರ ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ನಾಲ್ಕು ದಿನ ಮಾತು ಬಿಟ್ಟೆ. ಮಾತು ಬಿಟ್ಟೆನೇ ಹೊರತು ಬೆಡ್‌ಪ್ಯಾನ್ ಬಿಡುವ ಹಾಗಿರಲಿಲ್ಲ. ಐದನೇ ದಿನ ಇವರು ಮಂಚದಿಂದ ಕೈ ಚಾಚಿ, ಅಡುಗೆಮನೆಯ ಡಬ್ಬಿಯ ಬನ್ನಿ ಎಲೆ ತಾ ಎಂದರು. ಹಬ್ಬ ಕಳೆದು ಒಂದೂವರೆ ತಿಂಗಳು ಮೀರಿತ್ತು. ತಂದು ಕೈಗೆ ಕೊಟ್ಟೆ, ಇವರು ಅದನ್ನೇ ನನಗೆ ಕೊಟ್ಟರು. ಬಂಗಾರದ ಮಾತನ್ನು ಇಬ್ಬರೂ ಆಡಲಿಲ್ಲ.

ಕಂಪನಿಯ ಮೇಲೆ ಕೇಸು ನಡೆಯಿತು. ಇವರು ಹೇಳಿದ್ದನ್ನೇ ಐರಿಷ್ ಮುದುಕನೂ ಹೋಗಿ ಹೇಳಿದ. ಕಡೆಗೆ ಕಂಪನಿಯವರು ತಪ್ಪು ಒಪ್ಪಿಕೊಂಡರು. ಇವರು ವಾಕರ್ ಹಿಡಿದರು, ಆಮೇಲೆ ಎರಡು ಕೋಲು, ಆಮೇಲೆ ಒಂದು. ಮೆಟ್ಟಿಲು ಇಳಿಯುವಾಗ ಇವತ್ತಿಗೂ ಪಕ್ಕಕ್ಕೆ ತಿರುಗಿ ಒಂದೊಂದೇ ಪಾದ ಇಡುತ್ತಾರೆ, ಹಲ್ಲು ಕಚ್ಚಿರುತ್ತಾರೆ. ಮೇಲೆ ಹತ್ತುವ ಕೆಲಸ ಮುಗಿಯಿತು. ಅದನ್ನು ನಿಲ್ಲಿಸಿದ್ದು ನಾನಲ್ಲ, ಹಿಮ್ಮಡಿ. ಕಿಟಕಿ ಬಾಗಿಲು ಮಾಡುವ ವರ್ಕ್‌ಶಾಪಿನಲ್ಲಿ ಸ್ಟೂಲಿನ ಮೇಲೆ ಕೂತು ಮಾಡುವ ಕೆಲಸ ಸಿಕ್ಕಿತು.

ಮರುವರ್ಷದ ಖಂಡೇಪೂಜೆಗೆ ಬೆಲ್ಟು ನಮ್ಮ ಹತ್ತಿರ ಇರಲಿಲ್ಲ. ಅದರ ಮುಂದಿನ ವರ್ಷ, ಎರಡು ಸಾವಿರ ಇಸವಿ ದಾಟಿತ್ತು, ಹಬ್ಬಕ್ಕೆ ವಾರವಿರುವಾಗ ಅಂಚೆಯಲ್ಲಿ ವಾಪಸು ಬಂತು. ಅದೇ ಪ್ಲಾಸ್ಟಿಕ್ ಚೀಲ, ಮೇಲೆ ನಂಬರಿನ ಚೀಟಿ. ಒಳಗೆ ಅರಿಶಿನದ ಮಚ್ಚೆಗಳು ಹಾಗೇ ಇದ್ದವು. ಇವರು ಅದನ್ನು ಕಸದ ಬುಟ್ಟಿಗೆ ಹಾಕು ಎಂದರು. ನಾನು ಹಾಕಲಿಲ್ಲ.

ಪೂಜೆಯ ಹಿಂದಿನ ದಿನ ಮಧ್ಯಾಹ್ನ ಉಳಿದ ಉಪಕರಣಗಳನ್ನು ತೊಳೆದಿಟ್ಟು, ಬೆಲ್ಟನ್ನು ಹಿತ್ತಲಿಗೆ ಒಯ್ದೆ. ಬಟ್ಟೆ ಒಣಹಾಕುವ ಹಗ್ಗಕ್ಕೆಂದು ಮನೆಯ ಮಾಲೀಕ ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಕಂಬವೊಂದು ಅಲ್ಲಿದೆ. ಚೂಡಿದಾರದ ಮೇಲೆ, ಸ್ವೆಟರಿನ ಮೇಲೆ ಬೆಲ್ಟ್ ತೊಟ್ಟೆ. ತೊಡೆಯ ಪಟ್ಟಿ ಬಿಗಿದೆ, ಎದೆಯ ಪಟ್ಟಿ ಬಿಗಿದೆ. ಬೆನ್ನಿನ ಹಗ್ಗವನ್ನು ಹೆಗಲ ಮೇಲಿಂದ ತಂದು, ಕಂಬದ ತುದಿಯಲ್ಲಿ ಬಟ್ಟೆಯ ಹಗ್ಗ ಕಟ್ಟುವ ಕಬ್ಬಿಣದ ಬಳೆಗೆ ಕೊಕ್ಕೆ ಸಿಗಿಸಿದೆ. ಕಟ್ ಎಂದು ಬಾಯಿ ಮುಚ್ಚಿಕೊಂಡಿತು. ಬೇಲಿಯಾಚೆಯ ಇಂಗ್ಲಿಷ್ ಮುದುಕಿ ತನ್ನ ಹೂಗಿಡ ಬಿಟ್ಟು, ಎಲ್ಲ ಸರಿಯಾಗಿದೆಯೇ ಎಂದು ಕೇಳಿದಳು. ಹೌದು ಎಂದೆ. ಅಡುಗೆಮನೆಯ ಬಾಗಿಲಲ್ಲಿ ಇವರು ಕೋಲು ಊರಿ ನಿಂತಿದ್ದರು.

"ಏನ ನಡಸೀ?"

"ಹಲಗಿಗೆ ಏರಸಬೇಕಲ್ರೀ. ಮೊದಲ ದುಡಸಾಕತ್ತೇನಿ."

ಕಾಲು ನೆಲದಿಂದ ಎತ್ತಿ ಮೈಭಾರವನ್ನೆಲ್ಲ ಒಮ್ಮೆಲೇ ಬಿಟ್ಟೆ. ನಾನು ತೂಕದ ಹೆಂಗಸು. ಕಂಬ ಗುಂಯ್ ಎಂದಿತು, ಪಟ್ಟಿಗಳು ಮೈಗೆ ಕಚ್ಚಿದವು, ಹುಲ್ಲಿನಿಂದ ಗೇಣು ಮೇಲೆ ನಾನು ತೂಗಾಡುತ್ತಿದ್ದೆ. ಹಿಡಿಯುವುದಿಲ್ಲ, ಇದೂ ಸುಳ್ಳೇ ಎಂದು ಎರಡು ವರ್ಷ ನಂಬಿದ್ದೆ. ಬೆಲ್ಟು ಸುಳ್ಳಾಗಿರಲಿಲ್ಲ. ಅದಕ್ಕೊಂದು ಕಂಬ ಇರಲಿಲ್ಲ, ಅಷ್ಟೇ.

ಇವರು ಬಾಗಿಲ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿದು, ಹುಲ್ಲಿನ ಮೇಲೆ ಕುಂಟುತ್ತ ಬಂದು ನನ್ನನ್ನು ಹಿಡಿದು ಇಳಿಸಿದರು. ಅಳುತ್ತಿದ್ದರು. ಕೊಕ್ಕೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಬಾಯಿಯ ಒಳಗಡೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಒಂದು ಗೀರು ಬಿದ್ದಿತ್ತು. ಒಳಗೆ ಬಂದು ಅದನ್ನು ಹಲಗೆಯ ಮೇಲೆ ಇಟ್ಟು, ಆ ಗೀರಿನ ಮೇಲೆ ಕುಂಕುಮ ಹಚ್ಚಿದೆ.